ವಕ್ಕುಂದದಿಂದ ಕಂಡ ಫ್ರೆಂಚು

ಬೈಲಹೊಂಗಲದ ಪೇಟೆಯಲ್ಲಿ ಹತ್ತಿಯ ಸುಗ್ಗಿ ಶುರುವಾಯಿತೆಂದರೆ ಅಡತಿ ಅಂಗಡಿಗಳ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಖರೀದಿದಾರ ಅಂಡಿಗೆಗೆ ಕೈ ಹಾಕಿ ಒಂದು ಹಿಡಿ ಹತ್ತಿ ಹಿರಿಯುತ್ತಾನೆ, ಎರಡೂ ಕೈಯಿಂದ ಜಗ್ಗಿ ಎಳೆಯ ಉದ್ದ ನೋಡುತ್ತಾನೆ, ಮುಖದ ಮೇಲೆ ಏನನ್ನೂ ತೋರಿಸದೆ ಮುಂದಿನ ಅಂಡಿಗೆಗೆ ಹೋಗುತ್ತಾನೆ. ಹಿಂದಿನಿಂದ ರೈತ, “ಕ್ವಿಂಟಲಿಗೆ ಎಷ್ಟು ಹಚ್ಚಿದ್ರಿ?” ಎನ್ನುತ್ತಾನೆ. “ಲಿಲಾವು ಆಗಲಿ ತಡೀ ಕಾಕಾ” ಎಂದು ಅಡತಿಯವರ ಹುಡುಗ ಸಮಾಧಾನ ಮಾಡುತ್ತಾನೆ. ಅತ್ತ ಕಾಟಾದ ಹತ್ತಿರ ಇನ್ನೊಬ್ಬ ಕಿಲೋ ಕೂಗುತ್ತಾನೆ, ಗುಮಾಸ್ತ ಬರೆದುಕೊಳ್ಳುತ್ತಾನೆ.

ಲಿಲಾವು ಪೋರ್ಚುಗೀಸರ ಮಾತು, ಗೋವೆಯಿಂದ ಘಟ್ಟ ಹತ್ತಿ ನಮ್ಮಲ್ಲಿಗೆ ಬಂದದ್ದು. ಪಗಾರ, ಚಾವಿ, ಬಟಾಟೆಗಳೂ ಅದೇ ದಾರಿಯವು. ಕಿಲೋ ಮಾತ್ರ ಫ್ರೆಂಚರದು. ಬೇರು ಗ್ರೀಕಿನಲ್ಲಿದ್ದರೂ, ಸಾವಿರ ಎಂಬ ಅರ್ಥದ ಆ ಗ್ರೀಕ್ ಮಾತನ್ನು ಗ್ರಾಮಿನ ಹಿಂದೆ ಕಟ್ಟಿ ಜಗತ್ತಿಗೆ ಬಿಟ್ಟವರು ಅವರು. ಪ್ಯಾರಿಸ್ಸಿನ ಕ್ರಾಂತಿ ಸರ್ಕಾರ 1795ರ ಏಪ್ರಿಲ್ 7ರಂದು ಮೀಟರು, ಲೀಟರು, ಗ್ರಾಮುಗಳನ್ನು ಕಾಯಿದೆ ಮಾಡಿ ಹೊರಡಿಸಿತು. ನೂರು ಕಿಲೋದ ಕ್ವಿಂಟಲು ಅದರ ಬೆನ್ನು ಹತ್ತಿ ಬಂತು. ನಮ್ಮ ದೇಶ 1956ರಲ್ಲಿ ಈ ಅಳತೆಗೆ ಕಾಯಿದೆ ಮಾಡಿ, 1958ರಿಂದ ಒಂದೊಂದೇ ಕಡೆ ಜಾರಿಗೆ ತಂದಿತು. ಸೇರು, ಮಣಗಳ ಕಾಲ ಹಾಗೆ ಮುಗಿಯಿತು. ಪೂರ್ತಿ ಮುಗಿಯಿತು ಎನ್ನುವಂತೆಯೂ ಇಲ್ಲ. ಮೊದಲು ಪಾವಶೇರು ಎನ್ನುತ್ತಿದ್ದ ನಾಲಿಗೆ ಈಗ ಪಾವಕಿಲೋ ಎನ್ನುತ್ತದೆ. ತಲೆ ಇಲ್ಲಿನದು, ಬಾಲ ಪ್ಯಾರಿಸ್ಸಿನದು.

ಪ್ಯಾರಿಸ್ಸಿನ ಸುತ್ತಮುತ್ತಲಿನ ಒಂದು ಸೀಮೆಯ ಮಾತು ಬೈಲಹೊಂಗಲದ ಕಾಟಾದವರೆಗೆ ಬಂದು ಮುಟ್ಟಿದ್ದು ಹೇಗೆ? ಫ್ರೆಂಚ್ ಬಲ್ಲವರು ಜಗತ್ತಿನಲ್ಲಿ 32.1 ಕೋಟಿ ಎಂದು ಆ ಭಾಷೆಯ ದೇಶಗಳ ಅಂತರರಾಷ್ಟ್ರೀಯ ಒಕ್ಕೂಟ 2022ರಲ್ಲಿ ಲೆಕ್ಕ ಕೊಟ್ಟಿತು. ಫ್ರಾನ್ಸಿನ ಜನಸಂಖ್ಯೆಯೇ ಏಳು ಕೋಟಿ ಮುಟ್ಟಿಲ್ಲ. ಅಂದರೆ ಫ್ರೆಂಚ್ ಆಡುವ ಐದು ಮಂದಿಯಲ್ಲಿ ಹೆಚ್ಚುಕಡಿಮೆ ನಾಲ್ವರು ಆ ದೇಶದವರಲ್ಲ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯಿಮಾತೆಂದು ಬರೆಸಿದವರು 4.37 ಕೋಟಿ; ಅವರಲ್ಲಿ ಬಹುಪಾಲು ಈ ರಾಜ್ಯದೊಳಗೇ ಇದ್ದವರು. ಎರಡು ಭಾಷೆಗಳ ಹಣೆಬರಹ ಇಷ್ಟು ಬೇರೆಯಾಗಿದ್ದರೂ, ಒಂದು ಗಳಿಗೆಯಲ್ಲಿ ಅವು ಅಕ್ಕಪಕ್ಕ ನಿಂತಿದ್ದವು. ಅದನ್ನು ನೋಡಲು ನಮ್ಮ ತಾಲೂಕಿಗಿಂತ ಒಳ್ಳೆಯ ಕಟ್ಟೆ ಸಿಗಲಾರದು. ಯಾಕೆಂದರೆ ವಕ್ಕುಂದ ಇಲ್ಲಿದೆ.

ವಕ್ಕುಂದದ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಫ್ರೆಂಚಿನ ಹುಟ್ಟು. ಕ್ರಿಸ್ತಪೂರ್ವ 58ರಲ್ಲಿ ಜೂಲಿಯಸ್ ಸೀಸರ್ ದಂಡು ತೆಗೆದುಕೊಂಡು ಹೋದಾಗ ಅಲ್ಲಿದ್ದ ಗಾಲ್ ಜನ ಕೆಲ್ಟಿಕ್ ಬಳಗದ ಭಾಷೆ ಆಡುತ್ತಿದ್ದರು. ನಾಕೈದು ನೂರು ವರ್ಷಗಳಲ್ಲಿ ಅದು ಅಳಿದೇ ಹೋಯಿತು. ಅದರ ಜಾಗದಲ್ಲಿ ಬೆಳೆದದ್ದು ಸಿಪಾಯಿಗಳ, ಸಂತೆಯವರ ಲ್ಯಾಟಿನ್. ಸಿಸೆರೊ ಬರೆದ ಲ್ಯಾಟಿನ್ ಅಲ್ಲ, ವಿಭಕ್ತಿ ಉದುರಿಸಿಕೊಂಡು ಓಡಾಡುತ್ತಿದ್ದ ಲ್ಯಾಟಿನ್. ಗಾಲರ ಮಾತಿನಲ್ಲಿ ಇವತ್ತಿನ ಫ್ರೆಂಚಿಗೆ ಉಳಿದು ಬಂದ ಶಬ್ದಗಳು ಸ್ವಲ್ಪವೇ, ಆದರೆ ಎಂಥವು ನೋಡಿ: ಬಂಡಿ, ನೇಗಿಲು, ಕುರಿ, ಓಕ್ ಮರ. ಊರಿನ ದೊಡ್ಡವರು ಹೊಸ ಸರ್ಕಾರದ ಭಾಷೆ ಕಲಿತರು. ಹೊಲಕ್ಕೆ ಹೋಗುವವನು ನೇಗಿಲಿನ ಹೆಸರನ್ನು ಬಿಡಲಿಲ್ಲ.

ಐದನೆಯ ಶತಮಾನದಲ್ಲಿ ಫ್ರಾಂಕರು ಬಂದರು. ಅವರದು ಜರ್ಮನ್ ಬಳಗದ ಮಾತು. ಗೆದ್ದವರು ಅವರು, ದೇಶಕ್ಕೆ ಹೆಸರು ಕೊಟ್ಟವರು ಅವರು, ಭಾಷೆಗೆ ಹೆಸರು ಕೊಟ್ಟವರೂ ಅವರೇ. ಆದರೆ ತಮ್ಮ ಮಾತನ್ನು ತಾವೇ ಬಿಟ್ಟು, ಸೋತವರ ಮಾತು ಕಲಿತರು. ಫ್ರೆಂಚ್ ಎಂಬ ಹೆಸರಿನಲ್ಲಿ ಫ್ರಾಂಕರಿದ್ದಾರೆ, ಒಡಲಿನಲ್ಲಿ ರೋಮ್ ಇದೆ. ಯುದ್ಧ ಎಂಬುದಕ್ಕೆ ಇರುವ ಶಬ್ದ ಮಾತ್ರ ಫ್ರಾಂಕರದು.

ಎಂಟನೆಯ ಶತಮಾನದ ಕೊನೆಗೆ ಪಾದ್ರಿ ಓದುವ ಲ್ಯಾಟಿನ್ ಎದುರಿಗೆ ಕುಳಿತ ಒಕ್ಕಲಿಗನಿಗೆ ತಿಳಿಯದಷ್ಟು ದೂರವಾಗಿತ್ತು. 813ರಲ್ಲಿ ಟೂರ್ ಎಂಬ ಊರಿನಲ್ಲಿ ಸೇರಿದ ಧರ್ಮಸಭೆ, ಇನ್ನು ಮೇಲೆ ಉಪದೇಶವನ್ನು ಹಳ್ಳಿಗರ ಮಾತಿನಲ್ಲೇ ಮಾಡಿ ಎಂದು ಅಪ್ಪಣೆ ಕೊಟ್ಟಿತು. ಆ ಹಳ್ಳಿಗರ ಮಾತು ಬರವಣಿಗೆಗೆ ಇಳಿದದ್ದು 842ರ ಫೆಬ್ರವರಿ 14ರಂದು, ಸ್ಟ್ರಾಸ್‌ಬರ್ಗಿನಲ್ಲಿ, ಒಂದು ವಾಟಣಿ ಜಗಳದ ನಡುವೆ. ಷಾರ್ಲಮೇನ್ ಚಕ್ರವರ್ತಿಯ ಮೂವರು ಮೊಮ್ಮಕ್ಕಳು ರಾಜ್ಯಕ್ಕಾಗಿ ಕಾದಾಡುತ್ತಿದ್ದರು. ಹಿರಿಯನ ವಿರುದ್ಧ ಇಬ್ಬರು ತಮ್ಮಂದಿರು ಒಂದಾಗಿ ತಂತಮ್ಮ ದಂಡಿನ ಮುಂದೆ ಆಣೆ ಮಾಡಿದರು. ಜರ್ಮನ್ ಸೀಮೆಯ ಲೂಯಿ, ತಮ್ಮನ ಸಿಪಾಯಿಗಳಿಗೆ ತಿಳಿಯಲಿ ಎಂದು ರೋಮನ್ ಆಡುಮಾತಿನಲ್ಲಿ ಆಣೆ ಇಟ್ಟ. ತಮ್ಮ ಚಾರ್ಲ್ಸ್ ಜರ್ಮನ್ ಮಾತಿನಲ್ಲಿ ಇಟ್ಟ. ಇತಿಹಾಸ ಬರೆಯುತ್ತಿದ್ದ ನಿಥಾರ್ಡ್ ಎಂಬವನು ಆ ಮಾತುಗಳನ್ನು ಹೇಗಿದ್ದವೋ ಹಾಗೆ ಬರೆದಿಟ್ಟ. ಫ್ರೆಂಚಿನ ಮೊದಲ ವಾಕ್ಯ ಎಂದು ಇಂದು ಪುಸ್ತಕಗಳು ತೋರಿಸುವುದು ಅದನ್ನೇ. ಅಣ್ಣತಮ್ಮಂದಿರ ಆಸ್ತಿ ಜಗಳದ ಕಾಗದ ಒಂದು ಭಾಷೆಯ ಜನ್ಮಪತ್ರವಾಯಿತು ಎಂದರೆ ಸವದತ್ತಿ, ರಾಮದುರ್ಗದ ಕೋರ್ಟಿನ ಕಟ್ಟೆಯ ಮೇಲೆ ಕುಳಿತವರಿಗೆ ಆಶ್ಚರ್ಯವೇನೂ ಆಗಲಿಕ್ಕಿಲ್ಲ.

ಷಾರ್ಲಮೇನ್ ತೀರಿಕೊಂಡದ್ದು 814ರಲ್ಲಿ. ಅದೇ 814ರಲ್ಲಿ ಇಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಪಟ್ಟಕ್ಕೆ ಬಂದ. ಅವನ ಆಸ್ಥಾನದಲ್ಲಿ 850ರ ಸುಮಾರಿಗೆ ಶ್ರೀವಿಜಯ ಕವಿರಾಜಮಾರ್ಗ ಬರೆದ. ಸ್ಟ್ರಾಸ್‌ಬರ್ಗಿನ ಆಣೆಗೂ ಇದಕ್ಕೂ ಹತ್ತು ವರ್ಷದ ಆಚೀಚೆ. ಅಲ್ಲಿ ಭಾಷೆ ಮೊದಲ ತೊದಲು ಬರೆಯುತ್ತಿತ್ತು. ಇಲ್ಲಿ ಹಲ್ಮಿಡಿ ಶಾಸನ ಬರೆದು ನಾನೂರು ವರ್ಷ ಆಗಿತ್ತು. ತಮಗಿಂತ ಹಿಂದಿನ ಕವಿಗಳ ಹೆಸರು ಹೇಳಿ, ಕಾವ್ಯದಲ್ಲಿ ಯಾವುದು ಸರಿ ಯಾವುದು ತಪ್ಪು ಎಂದು ಚರ್ಚಿಸುವ ಮಟ್ಟಕ್ಕೆ ಕನ್ನಡ ಬಂದಿತ್ತು. ಇದನ್ನು ಹೇಳಿ ಎದೆ ತಟ್ಟಿಕೊಳ್ಳಬೇಕಾಗಿಲ್ಲ. ನಂತರದ ಸಾವಿರದ ಇನ್ನೂರು ವರ್ಷಗಳ ಲೆಕ್ಕ ನೋಡಿದರೆ ಕೈ ತಾನೇ ಕೆಳಗಿಳಿಯುತ್ತದೆ.

ಕವಿರಾಜಮಾರ್ಗ ಕನ್ನಡ ನಾಡಿಗೆ ಕಾವೇರಿಯಿಂದ ಗೋದಾವರಿಯವರೆಗೆ ಗಡಿ ಹೇಳಿದ್ದು ಎಲ್ಲರಿಗೂ ಗೊತ್ತು. ಗಡಿ ಹೇಳಿ ಸುಮ್ಮನಾಗದೆ ಅದು ಕನ್ನಡದ ತಿರುಳು ಎಲ್ಲಿದೆ ಎಂದೂ ನಾಲ್ಕು ಊರು ಹೆಸರಿಸಿತು: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಮೊದಲ ಮೂರು ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ. ನಾಲ್ಕನೆಯದನ್ನು ವಿದ್ವಾಂಸರು ಬೈಲಹೊಂಗಲ ತಾಲೂಕಿನ ಒಕ್ಕುಂದವೆಂದು ಗುರುತಿಸಿದರು. ನಮ್ಮ ಮಂದಿಯ ಬಾಯಲ್ಲಿ ಅದು ವಕ್ಕುಂದ. ಮಲಪ್ರಭೆಯ ದಂಡೆ, ಹಳೆಯ ಕಲ್ಲಿನ ಗುಡಿ, ಬಸದಿ, ಸುತ್ತ ಎರೆಹೊಲ. ಬಸ್ಸಿನಿಂದ ಇಳಿದವನಿಗೆ ಇದೊಂದು ಭಾಷೆಯ ತಿರುಳು ಎಂದು ಹೇಳುವ ಗುರುತು ಏನೂ ಕಾಣುವುದಿಲ್ಲ. ಮೂರು ಮಂದಿ ಮುದುಕರು ಕಟ್ಟೆಯ ಮೇಲೆ ಕುಳಿತು ತಂಬಾಕಿಗೆ ಸುಣ್ಣ ತೀಡುತ್ತಿರುತ್ತಾರೆ. ಅವರು ಆಡುವುದು ಮಾತ್ರ ಗುರುತು, ಅದನ್ನು ಗುರುತೆಂದು ಯಾರೂ ಎಣಿಸುವುದಿಲ್ಲ.

ಒಂಕುಂದಕ್ಕೆ ಸಾಟಿಯಾಗಿ ಫ್ರೆಂಚಿಗೂ ಒಂದು ತಿರುಳಿನ ಸೀಮೆ ಇದೆ. ಪ್ಯಾರಿಸ್ಸಿನ ಸುತ್ತಲಿನ ಆ ನಾಡಿಗೆ ಇಲ್ ದ ಫ್ರಾನ್ಸ್ ಎಂದು ಹೆಸರು. 987ರಲ್ಲಿ ಯೂಗ್ ಕಾಪೆ ಅಲ್ಲಿ ಪಟ್ಟಕ್ಕೆ ಬಂದಾಗ ಅವನ ಮಾತು ಹಲವು ಮಾತುಗಳಲ್ಲಿ ಒಂದು. ಉತ್ತರದಲ್ಲಿ ಹೌದು ಎನ್ನಲು ಓಯಿಲ್ ಎನ್ನುತ್ತಿದ್ದರು, ದಕ್ಷಿಣದಲ್ಲಿ ಓಕ್ ಎನ್ನುತ್ತಿದ್ದರು. ಹೌದು ಎನ್ನುವ ಬಗೆಯಿಂದಲೇ ಎರಡೂ ಭಾಷೆಗಳಿಗೆ ಹೆಸರು ಬಿತ್ತು. ಹಾಗೆ ಹೆಸರಿಡುವುದಾದರೆ ನಾವು ‘ಹೌದ್ರಿ’ ಸೀಮೆಯವರು. ಓಕ್ ಸೀಮೆಯಲ್ಲಿ ಹನ್ನೆರಡನೆಯ ಶತಮಾನದ ಕವಿಗಳು ಇಡೀ ಯುರೋಪಿಗೆ ಪ್ರೇಮಗೀತೆ ಕಲಿಸಿದರು. ಸಾಹಿತ್ಯದ ಬಲದಿಂದ ಭಾಷೆ ಗೆಲ್ಲುವುದಾದರೆ ಓಕ್ ಗೆಲ್ಲಬೇಕಿತ್ತು. ಗೆದ್ದದ್ದು ಅರಸ ಕುಳಿತ ಊರಿನ ಓಯಿಲ್.

ಗೆದ್ದ ಬಗೆಯನ್ನು ಹಂತ ಹಂತವಾಗಿ ನೋಡಬಹುದು. 1539ರಲ್ಲಿ ಒಂದನೆಯ ಫ್ರಾನ್ಸ್ವಾ ವಿಲ್ಲೆರ್ ಕೊತ್ರೆ ಎಂಬಲ್ಲಿ ಒಂದು ಫರ್ಮಾನು ಹೊರಡಿಸಿ, ಕೋರ್ಟಿನ ತೀರ್ಪು, ಕರಾರುಪತ್ರ ಎಲ್ಲವೂ ಲ್ಯಾಟಿನ್ ಬಿಟ್ಟು ಫ್ರೆಂಚಿನಲ್ಲಿರಬೇಕು ಎಂದ. 1635ರಲ್ಲಿ ಮಂತ್ರಿ ರಿಷೆಲ್ಯೂ ನಲವತ್ತು ಮಂದಿಯ ಅಕಾಡೆಮಿ ಕಟ್ಟಿದ. ಅವರು ಮೊದಲ ನಿಘಂಟು ತಂದದ್ದು 1694ರಲ್ಲಿ. ಐವತ್ತೊಂಬತ್ತು ವರ್ಷ! ಕನ್ನಡ ನಿಘಂಟಿನ ಕೆಲಸ ನಿಧಾನವಾಯಿತು ಎಂದು ಗೊಣಗುವವರು ಇದನ್ನು ಜ್ಞಾಪಕದಲ್ಲಿಡಬೇಕು. ಇಷ್ಟೆಲ್ಲ ಆದ ಮೇಲೂ 1794ರಲ್ಲಿ ಗ್ರೆಗ್ವಾರ್ ಎಂಬ ಪಾದ್ರಿ ಕ್ರಾಂತಿ ಸರ್ಕಾರಕ್ಕೆ ವರದಿ ಕೊಟ್ಟಾಗ, ದೇಶದ ಸುಮಾರು 2.8 ಕೋಟಿ ಜನರಲ್ಲಿ ಸರಿಯಾಗಿ ಫ್ರೆಂಚ್ ಆಡಬಲ್ಲವರು 30 ಲಕ್ಷ ಮಾತ್ರ ಇದ್ದರು. 60 ಲಕ್ಷ ಜನಕ್ಕೆ ಅದು ಬರುತ್ತಲೇ ಇರಲಿಲ್ಲ. ಯುರೋಪಿನ ಅರಮನೆಗಳಲ್ಲೆಲ್ಲ ಫ್ರೆಂಚ್ ಮಾತಾಡುತ್ತಿದ್ದ ಕಾಲ ಅದು. ಸೇಂಟ್ ಪೀಟರ್ಸ್‌ಬರ್ಗಿನ ರಾಣಿಗೆ ಬರುತ್ತಿದ್ದ ಫ್ರೆಂಚ್ ಫ್ರಾನ್ಸಿನದೇ ಬ್ರಿಟನಿಯ ಮೀನುಗಾರನಿಗೆ ಬರುತ್ತಿರಲಿಲ್ಲ.

ಆ ಮೀನುಗಾರನ ಮಗನಿಗೆ ಫ್ರೆಂಚ್ ಕಲಿಸಿದ್ದು ಸಾಲೆ. 1881, 1882ರಲ್ಲಿ ಜ್ಯೂಲ್ ಫೆರಿ ಶಿಕ್ಷಣವನ್ನು ಉಚಿತ, ಕಡ್ಡಾಯ ಮಾಡಿದ. ಸಾಲೆಯಲ್ಲಿ ಮನೆಮಾತು ಆಡಿದ ಹುಡುಗನ ಕೊರಳಿಗೆ ಒಂದು ಕಟ್ಟಿಗೆಯ ತುಂಡನ್ನೋ ಹಳೆಯ ಚಪ್ಪಲಿಯನ್ನೋ ತೂಗುಬಿಡುತ್ತಿದ್ದರು. ಇನ್ನೊಬ್ಬ ಹುಡುಗ ಮನೆಮಾತು ಆಡಿ ಸಿಕ್ಕಿಬಿದ್ದರೆ ಅದು ಅವನ ಕೊರಳಿಗೆ ಹೋಗುತ್ತಿತ್ತು. ಸಂಜೆ ಯಾರ ಕೊರಳಲ್ಲಿ ಉಳಿಯುತ್ತದೋ ಅವನಿಗೆ ಶಿಕ್ಷೆ. ಹೀಗೆ ಮಕ್ಕಳನ್ನೇ ಮಕ್ಕಳ ಮೇಲೆ ಚಾಡಿಗೆ ಹಚ್ಚಿ ಎರಡು ಮೂರು ತಲೆಮಾರಿನಲ್ಲಿ ಬ್ರಿಟನಿಯ ಬ್ರೆಟನ್, ಓಕ್ ಸೀಮೆಯ ಆಕ್ಸಿಟನ್ ಮಾತುಗಳನ್ನು ಮನೆಯೊಳಗಿನಿಂದಲೇ ಓಡಿಸಿದರು. ಕವಿರಾಜಮಾರ್ಗಕಾರನಿಗೆ ಈ ಬುದ್ಧಿ ಹೊಳೆದಿರಲಿಲ್ಲ. ಊರೂರಿಗೆ ಕನ್ನಡ ಬೇರೆ ಬೇರೆ, ಇದರ ಬಗೆಗಳನ್ನೆಲ್ಲ ಅರಿಯಹೊರಟರೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರ ಬಂದೀತು ಎಂದು ಆತ ಬರೆದ. ಅಷ್ಟೊಂದು ಕನ್ನಡಗಳಿವೆ ಎಂದು ಒಪ್ಪಿಕೊಂಡೇ ತಿರುಳಿನ ಮಾತು ಎತ್ತಿದ. ನನಗೆ ಈ ಎರಡು ಭಾಷೆಗಳ ನಡುವಿನ ದೊಡ್ಡ ಅಂತರ ಇಲ್ಲೇ ಇದೆ ಎನ್ನಿಸುತ್ತದೆ.

ಹಾಗಾದರೆ ಒಂಕುಂದದ ತಿರುಳು ಏನಾಯಿತು? ಪ್ಯಾರಿಸ್ಸಿನ ಗಾದಿ ಹತ್ತು ಶತಮಾನ ಅಲ್ಲಿಂದ ದೂರ ಸರಿಯಲಿಲ್ಲ. ಕನ್ನಡದ ಗಾದಿ ಒಂದು ಕಡೆ ನಿಲ್ಲಲಿಲ್ಲ. ಮಾನ್ಯಖೇಟ, ಕಲ್ಯಾಣ, ಹಳೇಬೀಡು, ವಿಜಯನಗರ, ಮೈಸೂರು ಎಂದು ಸರಿಯುತ್ತ ಹೋಯಿತು. ಸುಗಂಧವರ್ತಿ ಎನಿಸಿದ್ದ ಸವದತ್ತಿಯಿಂದ ಆಳಿದ ರಟ್ಟರು ಹೋದರು. ಆಮೇಲೆ ಆದಿಲಶಾಹಿ, ಆಮೇಲೆ ಪೇಶ್ವೆ. ದಫ್ತರಕ್ಕೆ ಫಾರ್ಸಿ, ಮರಾಠಿಗಳು ಬಂದು ಕುಳಿತವು. ಕುಲಕರ್ಣಿಯ ಕೈ ಮರಾಠಿಯ ಮೋಡಿ ಲಿಪಿ ಬರೆಯತೊಡಗಿತು. ರಾಮದುರ್ಗವನ್ನು 1948ರವರೆಗೆ ಆಳಿದ್ದು ಮರಾಠಿ ಮನೆತನ. ಕನ್ನಡ ಇದ್ದದ್ದು ಹೊಲದಲ್ಲಿ, ಮಠದಲ್ಲಿ, ಬೀಸುವ ಕಲ್ಲಿನ ಮುಂದೆ, ಲಾವಣಿಯಲ್ಲಿ. ಸಂಗ್ಯಾ ಬಾಳ್ಯಾದ ಕಥೆ ನಡೆದ ಬೈಲಹೊಂಗಲದಲ್ಲಿ ಆ ಕಥೆಯನ್ನು ಹಾಡಿದವರು ಯಾವ ಅರಸನ ಅಪ್ಪಣೆಗೂ ಕಾಯಲಿಲ್ಲ.

ಇಲ್ಲಿ ಕಿತ್ತೂರಿನ ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಕಿತ್ತೂರ ಕೋಟೆಯ ಮುಂದೆ ಸತ್ತಾಗ ಚೆನ್ನಮ್ಮನ ಕಡೆಯವರಿಗೆ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆ ಸಿಕ್ಕರು. ಅವರಲ್ಲಿ ಒಬ್ಬ ವಾಲ್ಟರ್ ಎಲಿಯಟ್, ಆಗ ಇಪ್ಪತ್ತೊಂದು ವರ್ಷದ ಹುಡುಗ. ಬಿಡುಗಡೆಯಾಗಿ ಹೋದ ಈತ ಕನ್ನಡದ ವೈರಿಯಾಗಲಿಲ್ಲ. ದಫ್ತರದವರು ಈ ಸೀಮೆಯನ್ನು ದಕ್ಷಿಣ ಮರಾಠಾ ದೇಶ ಎಂದು ಕರೆಯುತ್ತಿದ್ದಾಗ, ಜನ ಆಡುವುದು ಕನ್ನಡ ಎಂದು ಕಂಡು 1830ರ ಸುಮಾರಿಗೆ ಧಾರವಾಡದಲ್ಲಿ ಸ್ವಂತ ರೊಕ್ಕ ಹಾಕಿ ಕನ್ನಡ ಸಾಲೆ ತೆರೆದ. ಊರೂರು ತಿರುಗಿ 595 ಶಾಸನಗಳ ಪ್ರತಿ ಮಾಡಿಸಿದ. ಅವನ ಹಿಂದೆ ಫ್ಲೀಟ್ ಎಂಬ ಇನ್ನೊಬ್ಬ ಇಂಗ್ಲಿಷ್ ಅಧಿಕಾರಿ ಬಂದು ಸವದತ್ತಿಯ ರಟ್ಟರ ಶಾಸನ ಅಚ್ಚು ಮಾಡಿದ, ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಬರೆದುಕೊಂಡ. ಡೆಪ್ಯೂಟಿ ಚನ್ನಬಸಪ್ಪನವರು ಕನ್ನಡ ಸಾಲೆಗಳಿಗೆ ಮಾಸ್ತರರನ್ನು ತಯಾರು ಮಾಡಿದರು. 1890ರಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿತು. ಫ್ರೆಂಚ್ ಭಾಷೆಯನ್ನು ಅರಸ ಜನರ ಮೇಲೆ ಹೊರಿಸಿದ. ಇಲ್ಲಿ ಜನರ ಭಾಷೆಯನ್ನು ಸರ್ಕಾರದ ಒಳಗೆ ನುಗ್ಗಿಸಲು ನೂರು ವರ್ಷ ಹಿಡಿಯಿತು.

ನುಗ್ಗಿದ್ದು ಯಾವ ಕನ್ನಡ ಎಂಬುದು ಬೇರೆ ಮಾತು. 1956ರ ನವೆಂಬರ್ 1ರಂದು ನಾವು ಮುಂಬಯಿ ಪ್ರಾಂತ ಬಿಟ್ಟು ಮೈಸೂರಿಗೆ ಸೇರಿದ ಮೇಲೆ ಗಾದಿ ಬೆಂಗಳೂರಾಯಿತು. ನಾನು ಚಿಕ್ಕಂದಿನಲ್ಲಿ ಒಂದು ಕೆಲಸಕ್ಕೆ ಆ ಊರಿನ ಕಚೇರಿಯೊಂದಕ್ಕೆ ಹೋಗಿದ್ದೆ. ಕಿಟಕಿಯಾಚೆ ಕುಳಿತವರು ನನ್ನ ಮಾತು ಕೇಳಿ ಪಕ್ಕದವರ ಕಡೆ ತಿರುಗಿ ನಕ್ಕು, “ಸ್ವಲ್ಪ ಶುದ್ಧವಾಗಿ ಹೇಳಿ” ಎಂದರು. ನನಗೆ ಆಗ ಕವಿರಾಜಮಾರ್ಗ ಗೊತ್ತಿರಲಿಲ್ಲ, ಗೊತ್ತಿದ್ದರೂ ಕಿಟಕಿಯಲ್ಲಿ ಅದನ್ನು ಹೇಳಲು ಆಗುತ್ತಿರಲಿಲ್ಲ. ಸಾವಿರ ವರ್ಷದ ಹಿಂದೆ ತಿರುಳು ಎನಿಸಿದ್ದ ಸೀಮೆಯವನು ನಾನು; ನನ್ನದು ಜವಾರಿ ಭಾಷೆ. ಗಾದಿ ಪ್ಯಾರಿಸ್ ಬಿಟ್ಟು ದಕ್ಷಿಣದ ಟುಲೂಸಿಗೆ ಹೋಗಿದ್ದರೆ ಪ್ಯಾರಿಸ್ಸಿನವನಿಗೂ ಇದೇ ಮಾತು ಕೇಳಬೇಕಾಗುತ್ತಿತ್ತು.

ಫ್ರೆಂಚ್ ಹೊರಗೆ ಹರಡಿದ ಕಥೆಗೆ ಬರೋಣ. ಅದರ ಮೊದಲ ದೊಡ್ಡ ಜಿಗಿತ 1066ರಲ್ಲಿ, ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದಾಗ. ಮುಂದೆ ಮುನ್ನೂರು ವರ್ಷ ಇಂಗ್ಲೆಂಡಿನ ಕೋರ್ಟು, ದರಬಾರುಗಳ ಮಾತು ಫ್ರೆಂಚೇ. ಕೋರ್ಟುಗಳಲ್ಲಿ ವಾದ ಇಂಗ್ಲಿಷಿನಲ್ಲಿ ನಡೆಯಲಿ ಎಂದು ಕಾಯಿದೆ ಆದದ್ದು 1362ರಲ್ಲಿ. ಆ ಹೊತ್ತಿಗೆ ಇಂಗ್ಲಿಷಿನ ಒಡಲು ಫ್ರೆಂಚ್ ಶಬ್ದಗಳಿಂದ ತುಂಬಿತ್ತು. ಆ ಇಂಗ್ಲಿಷನ್ನೇ ಹೊತ್ತುಕೊಂಡು ಇಂಗ್ಲಿಷರು ಇಲ್ಲಿಗೆ ಬಂದರು. ಬೈಲಹೊಂಗಲದ ಕೋರ್ಟಿನ ಅಂಗಳದಲ್ಲಿ ಅರ್ಧ ತಾಸು ನಿಂತು ಕೇಳಿ. ಕೋರ್ಟು, ಜಡ್ಜು, ಸಮನ್ಸು, ವಾರಂಟು, ಅಪೀಲು, ಜೇಲು, ಬೇಲು, ಅರೆಸ್ಟು: ಒಂದೂ ಬಿಡದಂತೆ ಎಲ್ಲ ಫ್ರೆಂಚಿನಿಂದ ಇಂಗ್ಲಿಷಿಗೆ ಹೋದವು. ವಕೀಲ, ಫಿರ್ಯಾದಿ, ಜಾಮೀನು, ಜಪ್ತಿ ಎಂಬವು ಫಾರ್ಸಿಯ ದಫ್ತರದಿಂದ ಬಂದವು. ಸಾಕ್ಷಿ ಸಂಸ್ಕೃತ. ಇಷ್ಟರ ನಡುವೆ ಅಚ್ಚಕನ್ನಡದ್ದು ಹುಡುಕಿದರೆ, ಹೊಲದ ಬದುವಿನ ಒಡ್ಡು, ಅದರ ಮೇಲಿನ ಬೇವಿನ ಗಿಡ, ಅದರ ಸಲುವಾಗಿ ಹಾಕಿದ ಬೈಗುಳ. ಗಾಲರ ನೇಗಿಲು ನೆನಪಾಗುತ್ತದೆ.

ಬಸ್ ಸ್ಟ್ಯಾಂಡಿಗೆ ಬಂದರೂ ಬಿಡುಗಡೆ ಇಲ್ಲ. ಡಿಪೋ, ಟಿಕೆಟ್ ಎರಡೂ ಅಲ್ಲಿನವೇ. ಇನ್ನೊಂದು ಶಬ್ದ ನನಗೆ ಬಹಳ ಇಷ್ಟ. ಚೆನ್ನಮ್ಮ, ರಾಯಣ್ಣರ ಲಾವಣಿಗಳಲ್ಲಿ ವೈರಿಯನ್ನು ಕುಂಪಣಿ ಎನ್ನುತ್ತಾರೆ. ಇಂಗ್ಲಿಷಿನ ಕಂಪನಿ ಹಳೆಯ ಫ್ರೆಂಚಿನಿಂದ ಬಂದದ್ದು, ಅದರ ಬೇರಿನಲ್ಲಿರುವ ಲ್ಯಾಟಿನ್ ಅರ್ಥ ಒಟ್ಟಿಗೆ ರೊಟ್ಟಿ ಮುರಿಯುವವರು. ಕಿತ್ತೂರಿನ ಖಜಾನೆಗೆ ಮುದ್ರೆ ಒತ್ತಲು ಬಂದವರಿಗೆ ಎಂಥ ಹೆಸರು!

ಸಮುದ್ರದಾಚೆಗೆ ಫ್ರೆಂಚ್ ಹೋದದ್ದು ಹಡಗಿನಲ್ಲಿ. 1608ರಲ್ಲಿ ಶಾಂಪ್ಲೇನ್ ಕ್ವಿಬೆಕ್ ಊರು ಕಟ್ಟಿದ. 1763ರ ಒಪ್ಪಂದದಲ್ಲಿ ಅದು ಇಂಗ್ಲಿಷರ ಪಾಲಾಯಿತು, ಆದರೆ ಒಕ್ಕಲುತನ ಮಾಡಿಕೊಂಡಿದ್ದ ಫ್ರೆಂಚ್ ಮಂದಿ ಭಾಷೆ ಬಿಡಲಿಲ್ಲ. 1977ರಲ್ಲಿ ಅಲ್ಲಿನ ಸರ್ಕಾರ 101ನೆಯ ಮಸೂದೆ ತಂದು ಅಂಗಡಿಯ ಬೋರ್ಡಿನಿಂದ ಸಾಲೆಯವರೆಗೆ ಫ್ರೆಂಚ್ ಕಡ್ಡಾಯ ಮಾಡಿತು. ಪ್ಯಾರಿಸ್ಸಿನ ರಸ್ತೆಯ ಕೆಂಪು ಫಲಕದ ಮೇಲೆ ಇಂಗ್ಲಿಷಿನ ಸ್ಟಾಪ್ ಇದೆ; ಕ್ವಿಬೆಕ್ಕಿನಲ್ಲಿ ಅದೇ ಫಲಕದ ಮೇಲೆ ಅರೆ ಎಂಬ ಫ್ರೆಂಚ್ ಮಾತು ಇದೆ. ತವರಿನವರಿಗೆ ಭಯವಿಲ್ಲ, ಗಡಿಯವರಿಗೆ ಇದೆ. ನಮ್ಮ ರಾಜ್ಯ 2024ರಲ್ಲಿ ಬೋರ್ಡಿನ ಶೇಕಡಾ 60 ಭಾಗ ಕನ್ನಡ ಇರಬೇಕೆಂದು ಕಾಯಿದೆ ತಿದ್ದಿದಾಗ ಬೆಂಗಳೂರಿನಲ್ಲಿ ಗದ್ದಲವಾಯಿತು. ಬೆಳಗಾವಿಯ ಕಡೆಯವರಿಗೆ ಬೋರ್ಡಿನ ಜಗಳ ಹೊಸದಲ್ಲ.

ಗಡಿ ಎಂದ ಮೇಲೆ ಬೆಲ್ಜಿಯಂ ಬಿಡಲಾಗದು. ಫ್ರೆಂಚ್, ಡಚ್ ಎರಡೂ ಭಾಷೆಯ ಆ ದೇಶದಲ್ಲಿ 1962ರಲ್ಲಿ ಭಾಷಾ ಗಡಿ ಎಳೆದಾಗ ಫುರೋನ್ ಎಂಬ ಆರು ಹಳ್ಳಿಗಳು ಫ್ರೆಂಚ್ ಪ್ರಾಂತದಿಂದ ಡಚ್ ಪ್ರಾಂತಕ್ಕೆ ಹೋದವು. ಮುಂದೆ ಅಲ್ಲಿ ಮೇಯರ್ ಆದ ಜೋಸೆ ಅಪಾರ್ ಡಚ್ ಪರೀಕ್ಷೆಗೆ ಕೂಡುವುದಿಲ್ಲ ಎಂದು ಹಟ ಹಿಡಿದ. ಆ ರಗಳೆಯಲ್ಲಿ 1987ರಲ್ಲಿ ದೇಶದ ಸರ್ಕಾರವೇ ಬಿತ್ತು. ಅದಕ್ಕೂ ಮುಂಚೆ 1968ರಲ್ಲಿ ಲುವೇನ್ ವಿಶ್ವವಿದ್ಯಾಲಯ ಭಾಷೆಯ ಮೇಲೆ ಇಬ್ಭಾಗವಾಗಿ, ಗ್ರಂಥಾಲಯವನ್ನು ಹಂಚುವಾಗ ಪುಸ್ತಕಗಳ ನಂಬರಿನಲ್ಲಿ ಬೆಸ ಒಬ್ಬರಿಗೆ, ಸಮ ಇನ್ನೊಬ್ಬರಿಗೆ ಎಂದು ಹಂಚಿಕೊಂಡರು. ಅಣ್ಣತಮ್ಮಂದಿರು ಬೇರೆಯಾಗುವಾಗ ಒಂದು ಜೋಡಿ ಎತ್ತನ್ನು ಆಚೆಗೊಂದು ಈಚೆಗೊಂದು ಕಟ್ಟಿದ ಹಾಗೆ. ಮಹಾರಾಷ್ಟ್ರದ ಜೊತೆಗಿನ ನಮ್ಮ ಗಡಿ ಜಗಳದಲ್ಲಿ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟು, ಬೆಳಗಾವಿ ಇದ್ದಲ್ಲೇ ಇರಲಿ ಎಂದಿತು; 2004ರಿಂದ ಸುಪ್ರೀಂ ಕೋರ್ಟಿನಲ್ಲಿ ದಾವೆ ಇದೆ. ಇಷ್ಟಾದರೂ ನಮ್ಮಲ್ಲಿ ಯಾರೂ ಪುಸ್ತಕಗಳನ್ನು ಬೆಸ ಸಮ ಎಂದು ಹಂಚಿಕೊಂಡಿಲ್ಲ.

ಇವತ್ತು ಫ್ರೆಂಚಿನ ದೊಡ್ಡ ಮನೆ ಆಫ್ರಿಕ. ದಿನವೂ ಫ್ರೆಂಚ್ ಬಳಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಲ್ಲಿದ್ದಾರೆ. ಫ್ರೆಂಚ್ ಭಾಷೆಯ ಅತಿ ದೊಡ್ಡ ಪಟ್ಟಣ ಎಂದು ಈಗ ಹೇಳುವುದು ಕಾಂಗೋದ ಕಿನ್ಶಾಸವನ್ನು. ಅದನ್ನು ಆಳಿದ್ದು ಫ್ರಾನ್ಸ್ ಅಲ್ಲ, ಬೆಲ್ಜಿಯಂ. 1960ರ ಒಂದೇ ವರ್ಷದಲ್ಲಿ ಫ್ರಾನ್ಸಿನ ಹದಿನಾಲ್ಕು ಆಫ್ರಿಕನ್ ವಸಾಹತುಗಳು ಸ್ವತಂತ್ರವಾದವು, ಎಲ್ಲ ಕಡೆ ದಫ್ತರದಲ್ಲಿ ಫ್ರೆಂಚ್ ಉಳಿಯಿತು. ಹತ್ತಾರು ಮನೆಮಾತುಗಳ ನಡುವೆ ಯಾವುದನ್ನು ಆರಿಸಿದರೂ ಉಳಿದವರಿಗೆ ಸಿಟ್ಟು, ಹೊರಗಿನದಾದರೆ ಎಲ್ಲರಿಗೂ ಸಮನಾದ ಕಷ್ಟ ಎಂಬುದು ಒಂದು ಕಾರಣ. ಸಾಲೆ ಕಲಿತ ಕೆಲವರಿಗೆ ಅದು ಕುರ್ಚಿ ಕಾಯುವ ಬೇಲಿಯಾಗಿತ್ತು ಎಂಬುದು ಇನ್ನೊಂದು. ಎರಡನೆಯದೇ ಹೆಚ್ಚು ಖರೆ ಎಂದು ನನ್ನ ಎಣಿಕೆ. ಸೆನೆಗಲ್ಲಿನ ಮೊದಲ ಅಧ್ಯಕ್ಷ, ಕವಿ ಸೆಂಘೋರ್ 1983ರಲ್ಲಿ ಆ ನಲವತ್ತು ಮಂದಿಯ ಅಕಾಡೆಮಿಗೇ ಆಯ್ಕೆಯಾದ. ಅಲ್ಜೀರಿಯದ ಕತೆಬ್ ಯಾಸೀನ್ ಫ್ರೆಂಚನ್ನು ಯುದ್ಧದಲ್ಲಿ ಸಿಕ್ಕ ಲೂಟಿ ಎಂದು ಕರೆದ, ಗೆದ್ದು ತಂದದ್ದನ್ನು ಯಾಕೆ ಬಿಡಬೇಕು ಎಂಬಂತೆ. ಮಾಲಿ ದೇಶ 2023ರ ಹೊಸ ಸಂವಿಧಾನದಲ್ಲಿ ಫ್ರೆಂಚನ್ನು ಅಧಿಕೃತ ಪಟ್ಟದಿಂದ ಇಳಿಸಿತು. ದಫ್ತರದ ಕೆಲಸಕ್ಕೆ ಈಗಲೂ ಅದೇ ಬೇಕು. 1818ರಲ್ಲಿ ಪೇಶ್ವೆ ಹೋದ ಮೇಲೂ ನಮ್ಮ ದಫ್ತರದಲ್ಲಿ ಮೋಡಿ ಉಳಿದದ್ದನ್ನು ಬಲ್ಲವರಿಗೆ ಇದು ತಿಳಿಯುತ್ತದೆ.

ಭಾರತದಲ್ಲಿ ಫ್ರೆಂಚರ ಪಾಲಿಗೆ ಬಂದದ್ದು ಪಾಂಡಿಚೇರಿ, ಮಾಹೆಯಂಥ ಐದು ಚೂರುಗಳು. ಕನ್ನಡ ನಾಡಿಗೆ ಅವರು ಹೈದರ, ಟಿಪ್ಪುವಿನ ತೋಪಿನ ಹಿಂದೆ ಸ್ವಲ್ಪ ಕಾಲ ಕಂಡರು. ಅವರಿಗಿಂತ ಆಳಕ್ಕೆ ಇಳಿದವನು ದುಬುವಾ ಎಂಬ ಪಾದ್ರಿ. 1792ರಲ್ಲಿ ಬಂದು, ಮೈಸೂರು ಸೀಮೆಯಲ್ಲಿ ಕಾವಿ ಉಟ್ಟು, ಸಸ್ಯಾಹಾರಿಯಾಗಿ ಬಾಳಿ, ಸಿಡುಬಿನ ಲಸಿಕೆ ಹಾಕಿಸುತ್ತ ಊರೂರು ತಿರುಗಿದ. ಮಂದಿ ಅವನನ್ನು ದೊಡ್ಡ ಸ್ವಾಮಿಯವರು ಎನ್ನುತ್ತಿದ್ದರಂತೆ. ಜನರ ನಡೆನುಡಿಯ ಮೇಲೆ ಅವನು ಫ್ರೆಂಚಿನಲ್ಲಿ ಬರೆದ ಹಸ್ತಪ್ರತಿಯನ್ನು ಇಂಗ್ಲಿಷರು ರೊಕ್ಕ ಕೊಟ್ಟು ಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿದರು. ಫ್ರೆಂಚ್ ಪುಸ್ತಕ ಬಂದದ್ದು 1825ರಲ್ಲಿ.

ಎದುರು ದಿಕ್ಕಿನ ಸಂಚಾರ ನಮಗೆ ಇನ್ನೂ ಹತ್ತಿರದ್ದು. ಹಾಸನದ ರಾಜಾರಾವ್ 1929ರಲ್ಲಿ ಓದಲು ಫ್ರಾನ್ಸಿಗೆ ಹೋದರು. ಅಲ್ಲಿದ್ದ ಕಾಲದಲ್ಲೇ, 1931ರ ಸುಮಾರಿಗೆ, ಅವರು ಕನ್ನಡದಲ್ಲಿ ಬರೆದ ಬರಹಗಳು ಧಾರವಾಡದ ಜಯಕರ್ನಾಟಕ ಪತ್ರಿಕೆಯಲ್ಲಿ ಬಂದವು. ಮುಂದೆ ಕಾಂತಾಪುರ ಕಾದಂಬರಿಯನ್ನು ಅವರು ಇಂಗ್ಲಿಷಿನಲ್ಲಿ ಬರೆದದ್ದು ಲೋಕಕ್ಕೆ ಗೊತ್ತು. ಫ್ರಾನ್ಸಿನಿಂದ ಧಾರವಾಡಕ್ಕೆ ಬಂದ ಆ ಲಕೋಟೆಗಳ ಸುದ್ದಿ ಯಾರೂ ಎತ್ತುವುದಿಲ್ಲ. ಹಾವೇರಿಯಲ್ಲಿ ಹುಟ್ಟಿದ ವಸುಂಧರಾ ಫಿಲಿಯೋಜಾ ವಿಜಯನಗರದ ಶಾಸನಗಳ ಮೇಲೆ ಫ್ರೆಂಚಿನಲ್ಲೇ ಗ್ರಂಥ ಬರೆದರು, ಅದು 1973ರಲ್ಲಿ ಅಚ್ಚಾಯಿತು. ಎಲಿಯಟ್ ಕನ್ನಡ ಶಾಸನಗಳನ್ನು ಇಂಗ್ಲಿಷಿಗೆ ಒಯ್ದ. ಈ ಹೆಣ್ಣುಮಗಳು ಫ್ರೆಂಚಿಗೆ ಒಯ್ದರು.

ಈಗ ನಮ್ಮ ಮಕ್ಕಳು ಫ್ರೆಂಚಿಗೆ ಬರುವುದು ಬೇರೆ ಬಾಗಿಲಿನಿಂದ. ಪಿಯುಸಿಯಲ್ಲಿ ಭಾಷೆಯ ಪೇಪರಿಗೆ ಕನ್ನಡ, ಹಿಂದಿ, ಸಂಸ್ಕೃತದ ಹಾಗೆ ಫ್ರೆಂಚನ್ನೂ ಆರಿಸಬಹುದು. ಬೆಂಗಳೂರು, ಹುಬ್ಬಳ್ಳಿಯ ಕಡೆ ಅದಕ್ಕೆ ಗಿರಾಕಿ ಇರುವುದು ವಿಕ್ಟರ್ ಹ್ಯೂಗೊ ಓದುವ ಆಸೆಯಿಂದ ಅಲ್ಲ, ಮಾರ್ಕ್ಸ್ ಚಲೋ ಬೀಳುತ್ತದೆ ಎಂಬ ಲೆಕ್ಕದಿಂದ. ಬೆಂಗಳೂರಿನಲ್ಲಿರುವ ನಮ್ಮ ತಮ್ಮನ ಮಗಳೂ ಹಾಗೇ ತೆಗೆದುಕೊಂಡಳು. ಸೂಟಿಗೆ ಬೈಲಹೊಂಗಲಕ್ಕೆ ಬಂದಾಗ ಪುಸ್ತಕ ಹಿಡಿದು ಪಡಸಾಲೆಯಲ್ಲಿ ಕುಳಿತು ಎಣಿಕೆ ಬಾಯಿಪಾಠ ಮಾಡುತ್ತಿದ್ದಳು. ಅರವತ್ತೊಂಬತ್ತರವರೆಗೆ ಸುರಳೀತ ಬಂದಳು, ಎಪ್ಪತ್ತಕ್ಕೆ ಎಡವಿದಳು, ಎಂಬತ್ತಕ್ಕೆ ಸಿಟ್ಟಿಗೆದ್ದಳು. ಫ್ರೆಂಚರು ಎಪ್ಪತ್ತಕ್ಕೆ ಅರವತ್ತು ಹತ್ತು ಎನ್ನುತ್ತಾರೆ, ಎಂಬತ್ತಕ್ಕೆ ನಾಕು ಇಪ್ಪತ್ತು ಎನ್ನುತ್ತಾರೆ, ತೊಂಬತ್ತಕ್ಕೆ ನಾಕು ಇಪ್ಪತ್ತು ಹತ್ತು. ಹಳೆಯ ಗಾಲರ ಎಣಿಕೆಯ ಉಳಿಕೆ ಇದು ಎಂದು ಕೆಲವು ಪಂಡಿತರು ಹೇಳುತ್ತಾರೆ. ಬೆಲ್ಜಿಯಂ, ಸ್ವಿಟ್ಜರ್‌ಲೆಂಡಿನವರು ಎಪ್ಪತ್ತಕ್ಕೂ ತೊಂಬತ್ತಕ್ಕೂ ಬೇರೆ ಶಬ್ದ ಇಟ್ಟುಕೊಂಡು ಪಾರಾದರು, ಪ್ಯಾರಿಸ್ ಇಟ್ಟುಕೊಳ್ಳಲಿಲ್ಲ. “ಹಿಂಗ ಯಾರರ ಎಣಸ್ತಾರೇನ್ ದೊಡ್ಡಪ್ಪಾ?” ಎಂದು ಹುಡುಗಿ ನನ್ನನ್ನೇ ಕೇಳಿದಳು.

ನಮ್ಮ ಆಯಿ ಅಡಿಗೆಮನೆಯ ಹೊಸ್ತಿಲಿಗೆ ಕಾಲು ಚಾಚಿ ಕುಳಿತು ಸಂತೆಗೆ ಕಳಿಸಲು ನಿಂಬೆಹಣ್ಣು ಎಣಿಸುತ್ತಿದ್ದಳು. ಸಾಲೆಯ ಮೆಟ್ಟಿಲು ಹತ್ತಿದವಳಲ್ಲ. ಇಪ್ಪತ್ತು ಹಣ್ಣು ಒಂದು ಗುಂಪಿ, ಗುಂಪಿಯ ಮುಂದೆ ಒಂದು ಕಡ್ಡಿ. ಹುಡುಗಿಯ ಕಡೆ ತಿರುಗದೆ ತನ್ನಷ್ಟಕ್ಕೆ ಕಡ್ಡಿ ಇಡುತ್ತ ಹೇಳಿದಳು, “ಮೂರ ಇಪ್ಪತ್ತು... ನಾಕ ಇಪ್ಪತ್ತು... ನಾಕ ಇಪ್ಪತ್ತರ ಮ್ಯಾಲ ಹತ್ತು. ಇನ್ನೊಂದು ಹತ್ತು ಬೇಕಲ್ಲೊ, ಹಿತ್ತಲಕ್ಕ ಹೋಗಿ ಹರಕೊಂಡ ಬಾ.”